ಗೋಡೆಗೆ ತೂಗುಬಿದ್ದ ಜಾನಪದ: ಚಿನ್ನದ ಗಣಿಯ ಊರಿನಿಂದ ಮಲೆನಾಡಿಗೊಂದು ಎಚ್ಚರಿಕೆ



ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳಿಗೆ ತಾಗಿಕೊಂಡಿರುವ ಹೊಲಗಳ ಮಣ್ಣಿನ ಮಾದರಿಗಳನ್ನು ತರುವ ಕೆಲಸಕ್ಕಾಗಿ ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಾನು ಬಂಗಾರಪೇಟೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಮರಳುವ ದಿನ ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಳೆಯ ಸಾಮಾನುಗಳ ಒಂದು ಅಂಗಡಿ ಕಣ್ಣಿಗೆ ಬಿತ್ತು. ಬಿಸಿಲು ತಪ್ಪಿಸಿಕೊಳ್ಳುವ ನೆಪದಲ್ಲಿ ಒಳಗೆ ಹೋದೆ.

ಒಂದು ಬದಿಯಲ್ಲಿ ಗಣಿಯ ಬಂಗಲೆಗಳಿಂದ ಬಂದ ತೇಗದ ಕುರ್ಚಿಗಳು, ನಿಂತುಹೋದ ಗೋಡೆ ಗಡಿಯಾರಗಳು, ಗಣಿ ಕಾರ್ಮಿಕರ ತಲೆದೀಪಗಳು, ಸಂಖ್ಯೆ ಕೊರೆದ ಹಿತ್ತಾಳೆಯ ಬಿಲ್ಲೆಗಳು. ಇನ್ನೊಂದು ಬದಿಯಲ್ಲಿ ರಾಗಿ ಬೀಸುವ ಕಲ್ಲು, ಕೊಳಗ, ಸೇರು, ಎತ್ತಿನ ಕೊರಳ ಗಂಟೆಗಳು, ಗಾಜಿನ ಚೌಕಟ್ಟಿನೊಳಗೆ ಒಂದು ಕೈ ಕಳೆದುಕೊಂಡ ತೊಗಲುಗೊಂಬೆ. ಅವುಗಳ ನಡುವೆ ಅಂಚಿನ ಸುತ್ತಲೂ ಕಮಲದ ಎಸಳುಗಳನ್ನು ಕೆತ್ತಿದ, ಹನ್ನೆರಡು ತೂತುಗಳ ಒಂದು ಮರದ ಬಟ್ಟಲು. ಕೈಗೆತ್ತಿಕೊಂಡೆ. ಅಂಗಡಿಯಾತ ಓಡಿಬಂದು ಹೇಳಿದ: "ಕ್ಯಾಂಡಲ್ ಸ್ಟ್ಯಾಂಡ್ ಸಾರ್. ಬೆಂಗಳೂರಿನ ರೆಸಾರ್ಟಿನೋರು ಇಂಥವೇ ಹತ್ತು ಬೇಕು ಅಂದವ್ರೆ."

ಅದು ಮೇಣದ ಬತ್ತಿಯ ಪೀಠವಲ್ಲ, ಕೂರಿಗೆಯ ಬಟ್ಟಲು. ಕೃಷಿ ವಿಜ್ಞಾನ ಓದಿದವನಿಗೆ ಅಷ್ಟಾದರೂ ಗೊತ್ತಿರಬೇಕಲ್ಲ! "ಯಾವ ಊರಿನದಪ್ಪ ಇದು?" ಎಂದು ಕೇಳಿದೆ. "ಊರೆಲ್ಲಿ ಗೊತ್ತಾಗ್ತದೆ ಸಾರ್? ಗುಜರಿ ಗಾಡೀಲಿ ಬಂತು" ಎಂದ. ಚೌಕಾಸಿ ಮಾಡಿ ಒಂದು ಸಾವಿರದ ಇನ್ನೂರು ರೂಪಾಯಿಗೆ ಕೊಂಡು ತಂದೆ. ಮನೆಯ ಪಡಸಾಲೆಯಲ್ಲಿ ಇಟ್ಟೆ. ಬಂದವರೆಲ್ಲ ಹೊಗಳಿದರು. ನನ್ನ ತಾಯಿ ಮಾತ್ರ ಅದನ್ನು ತಿರುಗಿಸಿ ನೋಡಿ, "ಯಾರ ಮನೇದು ಮಾರಾಯ ಇದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಆದ್ದರಿಂದ ಇಲ್ಲಿ ಬರುವ ಟೀಕೆಯಲ್ಲಿ ಮೊದಲ ಪಾಲು ನನ್ನದೇ ಎಂದು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಹೊಲ ಮೊದಲು ಸಾಯುತ್ತದೆ

ಕೂರಿಗೆಯ ಬಟ್ಟಲು ಎಂದರೇನು ಎಂಬುದನ್ನು ಮಲೆನಾಡಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಭತ್ತದ ಸಸಿ ನೆಡುವ ನಮಗೆ ಅದರ ಪರಿಚಯ ಕಡಿಮೆ. ಬಯಲುಸೀಮೆಯಲ್ಲಿ ರಾಗಿಯನ್ನು ಸಾಲಾಗಿ ಬಿತ್ತುವ ಸಾಧನವೇ ಕೂರಿಗೆ. ಮೇಲೆ ಬೀಜ ಹಾಕುವ ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಮಣ್ಣು ಸೀಳುವ ತಾಳುಗಳು. ಬೀಜ ಹಾಕುವವರು ಮುಷ್ಟಿಯಿಂದ ರಾಗಿಯನ್ನು ಹದವಾಗಿ ಬಿಡುತ್ತಾ ಹೋದರೆ ಹನ್ನೆರಡು ಸಾಲುಗಳಿಗೂ ಅದು ಸಮನಾಗಿ ಹಂಚಿಹೋಗುತ್ತದೆ. ಹಿಂದೆ ಕಟ್ಟಿದ ಸಡ್ಡೆಯೆಂಬ ಕೊಳವೆಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳು ಅಕ್ಕಡಿಸಾಲಾಗಿ ಬೀಳುತ್ತವೆ. ಒಂದೇ ಹೊಲದಲ್ಲಿ ಮನುಷ್ಯರಿಗೆ ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಹುಲ್ಲು, ನೆಲಕ್ಕೆ ಸಾರಜನಕ.

ಆ ಬಟ್ಟಲಿನ ತೂತುಗಳ ಸಂಖ್ಯೆ, ಅವುಗಳ ಓರೆ, ತಾಳುಗಳ ನಡುವಿನ ಅಂತರ, ಇವೆಲ್ಲ ಆ ಸೀಮೆಯ ಮಣ್ಣು ಮತ್ತು ಮಳೆಯನ್ನು ತಲೆಮಾರುಗಳ ಕಾಲ ಅಳೆದು ನೋಡಿದವರ ತೀರ್ಮಾನಗಳು. ಕೆತ್ತಿದ ಕಮಲವು ಆ ತೀರ್ಮಾನದ ಮೇಲೆ ಬಡಗಿ ಇಟ್ಟ ಗೌರವದ ಕುರುಹು. ಬಿತ್ತನೆಯ ದಿನ ಕೂರಿಗೆಗೆ ಪೂಜೆಯಾಗುತ್ತಿತ್ತು. ಇಲ್ಲಿ ಕಲೆ ಯಾವುದು, ವಿಜ್ಞಾನ ಯಾವುದು, ಭಕ್ತಿ ಯಾವುದು ಎಂದು ಬಿಡಿಸಿ ಹೇಳುವುದು ನನ್ನಿಂದಾಗದು.

ಹಾಗಾದರೆ ಇಂಥ ವಸ್ತು ಗುಜರಿ ಗಾಡಿಗೆ ಹೇಗೆ ಹತ್ತಿತು? ವ್ಯಾಪಾರಿ ಕದ್ದು ತಂದನೇ? ಇಲ್ಲ. ಅದು ಮನೆಯ ಅಟ್ಟದಲ್ಲಿ ಬಹುಕಾಲ ಕೆಲಸವಿಲ್ಲದೆ ಬಿದ್ದಿತ್ತು. ಏಕೆಂದರೆ ಹೊಲವೇ ಬದಲಾಗಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಬಿತ್ತುವ, ಕಳೆ ಕೀಳುವ, ಕೊಯ್ಯುವ ಕೂಲಿಯ ಗೋಜಿಲ್ಲದೆ ಹಣ ಬರುತ್ತದೆಂದು ಜಮೀನುದಾರರು ನೆಟ್ಟರು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರು ಅಕ್ಕಡಿಸಾಲನ್ನು ಮರೆತಿತ್ತು. ಉಳಿದ ಹೊಲಗಳಿಗೆ ಕೊಳವೆಬಾವಿ ಬಂದು ರಾಗಿಯ ಜಾಗದಲ್ಲಿ ಟೊಮೆಟೊ ಬಂತು. ಎತ್ತು ಹೋಯಿತು, ಎತ್ತಿನ ಗಂಟೆ ಹೋಯಿತು. ಕೂರಿಗೆ ಮಾಡುವ ಆಚಾರಿಯ ಮಗ ಬೆಂಗಳೂರಿನಲ್ಲಿ ಬಾಗಿಲ ಚೌಕಟ್ಟು ಕೂರಿಸಲು ಹೋದ. ಕಟ್ಟಕಡೆಗೆ ಬಂದದ್ದು ಗುಜರಿ ಗಾಡಿ.

ಇದನ್ನು ನಾವು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಹಳ್ಳಿಯ ವಸ್ತುವೊಂದು ನಗರದಲ್ಲಿ ‘ಆ್ಯಂಟಿಕ್’ ಆಗುವ ಮೊದಲು ಹಳ್ಳಿಯಲ್ಲಿ ಒಂದು ಹೊಲವೋ ಕೆರೆಯೋ ಕಾಡೋ ಸತ್ತಿರುತ್ತದೆ. ಪರಿಸರದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹಳೆಯ ಸಾಮಾನಿನ ಅಂಗಡಿಯ ಕಪಾಟುಗಳನ್ನು ನೋಡಿದರೆ ಆ ಸೀಮೆಯಲ್ಲಿ ಯಾವ ಬೆಳೆ, ಯಾವ ಮರ, ಯಾವ ಕಸುಬು ಕಳೆದುಹೋಯಿತೆಂದು ಪಟ್ಟಿ ಮಾಡಬಹುದು.

ಗಣಿ ಕಲಿಸುವ ಪಾಠ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹತ್ತಿದರೆ ಕೆ.ಜಿ.ಎಫ್. ಹೆಚ್ಚು ದೂರವಿಲ್ಲ. ಅಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪೆನಿ ಆಧುನಿಕ ಗಣಿಗಾರಿಕೆ ಆರಂಭಿಸಿತು. ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಸುತ್ತಲಿನ ಹಳ್ಳಿಗಳು ಬಹುಕಾಲ ಬುಡ್ಡಿ ದೀಪದಲ್ಲೇ ಉಳಿದವು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು.

ಉಳಿದದ್ದೇನು? ಚಿನ್ನ ತೆಗೆದ ಮೇಲೆ ಬಿಟ್ಟ ಅರೆದ ಕಲ್ಲಿನ ಪುಡಿ: ಹದಿಮೂರು ದಿಬ್ಬಗಳು, ಸುಮಾರು ಸಾವಿರ ಎಕರೆ, 3.3 ಕೋಟಿ ಟನ್. ಬೇಸಿಗೆಯ ಗಾಳಿಗೆ ಆ ಧೂಳು ಎದ್ದು ಮನೆಗಳ ಅನ್ನದ ತಟ್ಟೆಗೂ ಹೊಲದ ಪೈರಿಗೂ ಬೀಳುತ್ತದೆ. ಸಿಲಿಕಾ ಧೂಳಿನಿಂದ ಪುಪ್ಪುಸ ಕಳೆದುಕೊಂಡ ಕಾರ್ಮಿಕರ ಮನೆಗಳು ಅಲ್ಲಿ ಸಾಲುಸಾಲಾಗಿವೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳನ್ನು ಮತ್ತೆ ಗಣಿಗಾರಿಕೆಗೆ ಒಳಪಡಿಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಎಂದರೆ ಎಂಜಲನ್ನೂ ಬಿಡುವಂತಿಲ್ಲ!

ಚಿನ್ನಕ್ಕೆ ಒಂದು ಗುಣವಿದೆ. ಕರಗಿಸಿದೊಡನೆ ಅದು ತನ್ನ ಊರನ್ನು ಮರೆಯುತ್ತದೆ. ಲಂಡನ್ನಿನ ಉಂಗುರವೊಂದರಲ್ಲಿ ಊರ್ಗಾಂನ ಚಿನ್ನವಿದ್ದರೆ ಅದನ್ನು ಗುರುತಿಸುವವರಾರು? ಗಣಿಗಾರಿಕೆಗೆ ಅನುಕೂಲವಾದದ್ದು ಈ ಮರೆವೇ. ಊರು ಮರೆತರೆ ಊರಿನ ಲೆಕ್ಕವನ್ನೂ ಮರೆಯಬಹುದು.

ಇಂದು ಜನಪದ ಕಲೆಯ ಸಂಗ್ರಹವೆಂಬ ಹೆಸರಿನಲ್ಲಿ ನಡೆಯುತ್ತಿರುವುದರಲ್ಲಿ ಬಹುಪಾಲು ಇದೇ ಕೆಲಸ. ವಸ್ತುವನ್ನು ಅದರ ಊರು, ಮನೆ, ಹೊಲ, ಹಬ್ಬ, ಮಾಡಿದ ಕೈ, ಬಳಸಿದ ಕೈಗಳಿಂದ ಬೇರ್ಪಡಿಸಿ, ‘ದಕ್ಷಿಣ ಭಾರತ, ಹತ್ತೊಂಬತ್ತನೆಯ ಶತಮಾನ’ ಎಂಬ ಚೀಟಿ ಅಂಟಿಸುವುದು. ಆ ಅಂಗಡಿಯಲ್ಲಿ ಕಂಡ ಹಿತ್ತಾಳೆ ಬಿಲ್ಲೆಯ ಮೇಲಿನ ಸಂಖ್ಯೆ ಒಬ್ಬ ಮನುಷ್ಯನ ಗುರುತಾಗಿತ್ತು. ತಮಿಳು ಸೀಮೆಯಿಂದಲೋ ಚಿತ್ತೂರಿನಿಂದಲೋ ಬಂದು ಪಾತಾಳಕ್ಕಿಳಿದ ಆತನ ಹೆಸರನ್ನು ಕಂಪೆನಿ ಸಂಖ್ಯೆಯಾಗಿ ಮಾಡಿತು; ಅಂಗಡಿ ಆ ಸಂಖ್ಯೆಯನ್ನು ಬೆಲೆಯಾಗಿ ಮಾಡಿದೆ. ಆತನ ತಲೆದೀಪ ಈಗ ಯಾವುದೋ ಹೋಟೆಲಿನ ಗೋಡೆಯನ್ನು ಬೆಳಗುತ್ತದೆ. ಆತನ ಮಕ್ಕಳು ಬೆಳಗಿನ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಎಲ್ಲ ಸಂಗ್ರಹವೂ ಲೂಟಿಯಲ್ಲ

ಇಷ್ಟು ಹೇಳಿದ ಮೇಲೆ ನ್ಯಾಯದ ಮಾತೊಂದನ್ನು ಹೇಳಲೇಬೇಕು. ಸಂಗ್ರಾಹಕರಿಲ್ಲದಿದ್ದರೆ ನಮ್ಮ ಜಾನಪದದ ಎಷ್ಟೋ ಭಾಗ ಗೆದ್ದಲಿನ ಪಾಲಾಗುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದ ಇದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಎಂ.ಎಸ್. ನಂಜುಂಡರಾಯರ ಶ್ರಮದಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಉಳಿದಿದೆ. ಇವು ಸಾರ್ವಜನಿಕ ಸಂಗ್ರಹಗಳು. ಶಾಲೆಯ ಮಗುವೊಂದು ಹೋಗಿ ನೋಡಬಹುದು, ಸಂಶೋಧಕನೊಬ್ಬ ಅಳತೆ ತೆಗೆದುಕೊಳ್ಳಬಹುದು.

ಕೋಲಾರದ್ದೇ ಇನ್ನೊಂದು ನಿದರ್ಶನವಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ 1905ರಲ್ಲಿ ಹೊರಬಂತು. ಅದು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ರೈಸ್ ವಸಾಹತು ಸರ್ಕಾರದ ಅಧಿಕಾರಿ ಎಂಬುದು ನಿಜ. ಆದರೆ ಆ ಸಂಪುಟವನ್ನು ತೆರೆದು ನೋಡಿ: ಶಾಸನ ಯಾವ ತಾಲ್ಲೂಕಿನ, ಯಾವ ಊರಿನ, ಯಾವ ಕೆರೆಯ ಬಳಿ, ಯಾವ ಗುಡಿಯ ಮುಂದೆ ಇತ್ತೆಂಬುದು ಮೊದಲು, ಪಾಠ ಆಮೇಲೆ. ಕಲ್ಲು ಅದರ ಜಾಗದಲ್ಲೇ ನಿಂತಿತ್ತು, ದಾಖಲೆ ಮಾತ್ರ ಹೊರಗೆ ಹೋಯಿತು. ತುರುಗಳನ್ನು ಕಾಯುತ್ತಾ ಮಡಿದವನ ವೀರಗಲ್ಲು ಆ ಊರಿನ ಗಡಿಯಲ್ಲಿದ್ದಾಗ ಅದು ಚರಿತ್ರೆ. ಬಡಾವಣೆಗಾಗಿ ಜೆಸಿಬಿ ಹೊಲವನ್ನು ಮಟ್ಟಮಾಡಿ, ಕಲ್ಲು ಯಾರದೋ ತೋಟದ ಮನೆಯ ಹುಲ್ಲುಹಾಸಿಗೆ ಸಾಗಿದಾಗ ಆತ ಯಾವ ಊರಿನ ದನಗಳಿಗಾಗಿ ಸತ್ತನೆಂಬುದು ಹಾಳಾಗುತ್ತದೆ. ಓದಲು ಅಕ್ಷರವಿದ್ದರೂ ಅರ್ಥ ಕಳೆದಿರುತ್ತದೆ.

ನಮ್ಮ ಘಟ್ಟದ ಕೆಳಗಿನ ಮೆಕ್ಕೆಕಟ್ಟನ್ನು ನೋಡಿ. ಉಡುಪಿ ಜಿಲ್ಲೆಯ ಆ ಕ್ಷೇತ್ರದ ಹಳೆಯ ಮರದ ಭೂತ ವಿಗ್ರಹಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಆದರೆ ಮೆಕ್ಕೆಕಟ್ಟು ಬರಿದಾಗಲಿಲ್ಲ. ಹೊಸ ಮರ ಬಂತು, ಹೊಸ ವಿಗ್ರಹಗಳು ಎದ್ದವು, ಪೂಜೆ ನಡೆದುಕೊಂಡು ಬಂದಿದೆ. ಹಳೆಯದು ಹೋದರೂ ಮಾಡುವ ಕೈ ಮತ್ತು ಕೇಳುವ ಊರು ಉಳಿದದ್ದರಿಂದ ಅಲ್ಲಿ ಹೆಚ್ಚಿನ ನಷ್ಟವಾಗಲಿಲ್ಲ.

ನನ್ನ ಶಾಸ್ತ್ರದಲ್ಲಿ ಇದಕ್ಕೊಂದು ಸಮಾನ ಉದಾಹರಣೆಯಿದೆ. ಬೀಜವನ್ನು ಎರಡು ರೀತಿ ಕಾಪಾಡಬಹುದು: ಶೀತಾಗಾರದಲ್ಲಿ ಅಥವಾ ಹೊಲದಲ್ಲಿ. ಶೀತಾಗಾರದ ಬೀಜ ಬೇಗ ಸಾಯುವುದಿಲ್ಲ, ಆದರೆ ಬದಲಾಗುವ ಮಳೆಗೆ, ಹೊಸ ರೋಗಕ್ಕೆ ಹೊಂದಿಕೊಳ್ಳುವುದನ್ನು ಕಲಿಯುವುದೂ ಇಲ್ಲ. ಹಾಗೆಂದು ಶೀತಾಗಾರ ಬೇಡವೆನ್ನಲಾಗದು. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಅಂತರರಾಷ್ಟ್ರೀಯ ಬೀಜಸಂಗ್ರಹ ಕೈತಪ್ಪಿದಾಗ, ವಿಜ್ಞಾನಿಗಳು 2015ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ಭಂಡಾರದಲ್ಲಿ ತಾವೇ ಇಟ್ಟಿದ್ದ ಬೀಜಗಳನ್ನು ಹಿಂದಕ್ಕೆ ಪಡೆದು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಬಿತ್ತಿ ಬೆಳೆಸಿದರು. ಅದು ಸಾಧ್ಯವಾದದ್ದೇಕೆ? ಪ್ರತಿ ಪೊಟ್ಟಣದ ಮೇಲೂ ಅದು ಏನು, ಎಲ್ಲಿಂದ ಬಂತು, ಯಾರದು ಎಂದು ಬರೆದಿತ್ತು. ಕೊಟ್ಟವರಿಗೆ ಮರಳಿ ಪಡೆಯುವ ಹಕ್ಕಿತ್ತು. ಚೀಟಿಯಿಲ್ಲದ, ಮರಳಲಾಗದ ಸಂಗ್ರಹವನ್ನು ಬೀಜ ಬ್ಯಾಂಕ್ ಎನ್ನುವುದಿಲ್ಲ; ದಾಸ್ತಾನು ಎನ್ನುತ್ತೇವೆ. ಕಲಾಸಂಗ್ರಹಕ್ಕೂ ಇದೇ ಮೂರು ಪರೀಕ್ಷೆಗಳಿರಲಿ: ಊರು ಬರೆದಿದೆಯೇ? ಊರಿನವರು ಹೋಗಿ ನೋಡಬಹುದೇ? ಊರಿಗೆ ಏನಾದರೂ ಮರಳುತ್ತದೆಯೇ?

ತಮಟೆ ಕೇಳುವ ಪ್ರಶ್ನೆ

ಆದರೆ ‘ಎಲ್ಲವನ್ನೂ ಹಾಗೆಯೇ ಉಳಿಸಿ’ ಎಂದು ಹಳ್ಳಿಗೆ ಉಪದೇಶ ಮಾಡುವುದೂ ಸುಲಭದ ಪಾಪ. ಕೋಲಾರ ಸೀಮೆಯ ತಮಟೆಯನ್ನೇ ತೆಗೆದುಕೊಳ್ಳಿ. ಸಾವಿನ ಮನೆಯ ಮುಂದೆ, ಜಾತ್ರೆಯ ತೇರಿನ ಮುಂದೆ ತಮಟೆ ಬಾರಿಸುವುದು ದಲಿತರ ಪಾಲಿಗೆ ಬಿಟ್ಟಿ ಚಾಕರಿಯಾಗಿತ್ತು. ಆ ಚಾಕರಿ ನಮಗೆ ಬೇಡವೆಂದು ತಮಟೆಯನ್ನು ಕೆಳಗಿಟ್ಟ ಯುವಕನಿಗೆ ‘ಅಯ್ಯೋ, ನಿಮ್ಮ ಕಲೆ ನಾಶವಾಗುತ್ತಿದೆ’ ಎಂದು ಅಳುವ ಅಧಿಕಾರ ನಮಗ್ಯಾರಿಗೂ ಇಲ್ಲ. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗಳಲ್ಲಿ ಮತ್ತೆ ಕೈಗೆತ್ತಿಕೊಂಡು ಅದರ ಅರ್ಥವನ್ನೇ ಬದಲಿಸಿದವರೂ ಅದೇ ಸೀಮೆಯವರು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ, ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷದ ಸಂಗತಿ. ಇವರಿಬ್ಬರೂ ಕಲೆಯನ್ನು ಉಳಿಸಿದ್ದು ಜೀವಮಾನವಿಡೀ ಬಾರಿಸಿ, ಆಡಿಸಿ. ವಸ್ತುವನ್ನು ಗಾಜಿನೊಳಗೆ ಇಟ್ಟಲ್ಲ.

ತಮಟೆಯನ್ನು ಗೋಡೆಗೆ ತೂಗುಹಾಕುವ ಶ್ರೀಮಂತನಿಗೆ ಅದರ ಅಪಮಾನವೂ ಬೇಡ, ಪ್ರತಿಭಟನೆಯೂ ಬೇಡ. ಬಣ್ಣ ಮತ್ತು ಆಕಾರ ಸಾಕು. ನನ್ನ ಆಕ್ಷೇಪ ಇದಕ್ಕೆ. ಯಾವ ವಸ್ತುವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಬದಲಿಸಬೇಕು ಎಂಬ ತೀರ್ಮಾನ ಅದನ್ನು ಹೊತ್ತವರದು. ಅವರ ತೀರ್ಮಾನಕ್ಕೆ ಸಮಯ, ಮಾಹಿತಿ ಮತ್ತು ಹೊಟ್ಟೆಗೆ ಅನ್ನ ಇರಬೇಕೆಂಬುದಷ್ಟೇ ನಮ್ಮ ಕಾಳಜಿಯಾಗಬೇಕು.

ನಮ್ಮ ಬುಟ್ಟಿ, ನಮ್ಮ ಬಾಗಿಲು

ಕೋಲಾರದ ಕಥೆಯನ್ನು ಇಷ್ಟು ಉದ್ದ ಹೇಳಿದ್ದು ಅದು ಈಗ ನಮ್ಮ ಘಟ್ಟವನ್ನು ಹತ್ತುತ್ತಿರುವುದರಿಂದ. ಕಳೆದ ಎರಡು ವರ್ಷಗಳಿಂದ ನಮ್ಮ ಊರುಗಳ ಕಡೆಗೆ ಮಳೆಗಾಲ ಕಳೆದೊಡನೆ ಒಂದು ವ್ಯಾನು ಬರುತ್ತದೆ. ಕೆತ್ತನೆಯ ಬಾಗಿಲು, ಕಂಬ, ಚೆನ್ನೆಮಣೆ, ಕಂಚಿನ ದೀಪ, ತಾಮ್ರದ ಹಂಡೆ, ಎಲ್ಲಕ್ಕೂ ನಗದು. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಮುಂಬಾಗಿಲು ಹಾಗೆಯೇ ಹೋಯಿತು. ಹಲಸಿನ ಮರದ ಬಾಗಿಲು; ನಾಲ್ಕು ತಲೆಮಾರು ಅದರ ಹೊಸಿಲು ದಾಟಿತ್ತು. ನಾನು ಆಕ್ಷೇಪಿಸಲು ಹೋದೆ. ಆ ಮನೆಯ ಹಿರಿಯಾಕೆ ಹೇಳಿದರು: "ಡಾಕ್ಟ್ರೇ, ಇವರ ಡಯಾಲಿಸಿಸ್ಸಿಗೆ ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಹೋಗ್ಬೇಕು. ಬಾಗಿಲು ಇಟ್ಕೊಂಡು ಏನು ಮಾಡ್ಲಿ? ನಿಮ್ಮ ಮನೇಲೂ ಯಾರದೋ ಬಟ್ಟಲು ಇದೆಯಲ್ಲ." ನಾನು ಸುಮ್ಮನೆ ಮರಳಿದೆ. ಅದೇ ಬಾಗಿಲಿಗೆ ನಗರದಲ್ಲಿ ಎಷ್ಟು ಪಟ್ಟು ಬೆಲೆ ಬಂದಿರಬಹುದೆಂದು ಆಕೆಗೆ ತಿಳಿಸುವವರು ಯಾರೂ ಇರಲಿಲ್ಲ ಎಂಬುದು ಮಾತ್ರ ಇಂದಿಗೂ ಕೊರೆಯುತ್ತದೆ. ಆಕೆ ಮಾರಿದ್ದು ತಪ್ಪಲ್ಲ. ಒಬ್ಬಂಟಿಯಾಗಿ, ಅವಸರದಲ್ಲಿ, ಬೆಲೆ ತಿಳಿಯದೆ ಮಾರಬೇಕಾಗಿ ಬಂದದ್ದು ನಮ್ಮೆಲ್ಲರ ತಪ್ಪು.

ಇನ್ನು ಬುಟ್ಟಿಯ ವಿಷಯ. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆಂದು ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಲೇಪ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಆ ಬುಟ್ಟಿಯಲ್ಲಿ ಎಡೆ ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗಿ, ಹೊಡೆ ಹೊತ್ತ ಪೈರಿಗೆ, ಎಂದರೆ ಬಸುರಿಯಾದ ಭೂಮಿಗೆ, ಬಯಕೆಯ ಊಟ ಬಡಿಸುತ್ತಾರೆ. ಹತ್ತಾರು ಬಗೆಯ ಸೊಪ್ಪು ಬೆರೆಸಿದ ಹಚ್ಚಂಬಲಿಯನ್ನು ಗದ್ದೆಗೆ ಬೀರುತ್ತಾರೆ. ಮಣ್ಣಿಗೆ ತಿಂದದ್ದನ್ನು ಮರಳಿ ಕೊಡಬೇಕೆಂಬ ತತ್ತ್ವವನ್ನು ನಾನು ಕಲಿತದ್ದು ವಿಶ್ವವಿದ್ಯಾನಿಲಯದಲ್ಲಿ. ಅವರು ಕಲಿತದ್ದು ತಾಯಂದಿರ ಬೆನ್ನ ಹಿಂದೆ ಬುಟ್ಟಿ ಹೊತ್ತು ನಡೆದು.

ಈಗ ಈ ಚಿತ್ತಾರಕ್ಕೆ ನಗರದಲ್ಲಿ ಬೇಡಿಕೆ ಬಂದಿದೆ. ಕ್ಯಾನ್ವಾಸಿನ ಮೇಲೆ, ಕಾಗದದ ಮೇಲೆ, ಚೀಲದ ಮೇಲೆ ಬರೆದು ಮಾರುವ ಕಲಾವಿದೆಯರಿದ್ದಾರೆ. ನಾನು ಇದನ್ನು ಪೂರ್ಣಮನಸ್ಸಿನಿಂದ ಸ್ವಾಗತಿಸುತ್ತೇನೆ. ಮಾರಲೆಂದೇ ಮಾಡಿದ ಹೊಸ ಕೃತಿ ಮಾರಾಟವಾದರೆ ಕಲಾವಿದೆಗೆ ಅನ್ನ, ಮಗಳಿಗೆ ಕಲಿಯುವ ಆಸೆ. ಸಂಗ್ರಾಹಕರು ನಿಜಕ್ಕೂ ಜನಪದ ಕಲೆಯ ಪ್ರೇಮಿಗಳಾದರೆ ಸತ್ತವರ ಬುಟ್ಟಿಗಿಂತ ಬದುಕಿದವರ ಬುಟ್ಟಿಯನ್ನು ಕೊಳ್ಳಲಿ. ಕೆಳಗೆ ಅವರ ಸಹಿ ಇರಲಿ. ಬೆಲೆ ಅವರೇ ಹೇಳಲಿ.

ಆದರೆ ಅಷ್ಟಕ್ಕೇ ಮುಗಿಯದು. ಗದ್ದೆಗಳು ಅಡಕೆ ತೋಟವಾಗುತ್ತಿವೆ. ಪೈರೇ ಇಲ್ಲದಲ್ಲಿ ಬುಟ್ಟಿ ಹೊತ್ತು ಎಲ್ಲಿಗೆ ಹೋಗುವುದು? ಬೆಟ್ಟಗಳು ಅಕೇಶಿಯಾ ನೆಡುತೋಪುಗಳಾದ ಮೇಲೆ ಗುರಿಗೆ ಕಾಯಿಯನ್ನು ಎಲ್ಲಿ ಹುಡುಕುವುದು? ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಆ ಗೊಂಬೆ ನಿಂತಿರುವುದು ಹಾಲೆ ಮರದ ಮೇಲೆ. ಮರವಿಲ್ಲದ ಮಾನ್ಯತೆ ಕಾಗದದಲ್ಲಿ ಉಳಿಯುತ್ತದೆ. ಕಲೆಯನ್ನು ಉಳಿಸುತ್ತೇವೆಂದು ಹೊರಟವರು ಗದ್ದೆ, ಕಾಡು, ಕೆರೆಗಳ ಹೋರಾಟಕ್ಕೆ ಬಾರದೆ ಹೋದರೆ ಅವರು ಮಾಡುತ್ತಿರುವುದು ಶವಸಂಸ್ಕಾರವಷ್ಟೇ.

ಏನು ಮಾಡಬಹುದು?

ಕಾನೂನು ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪ, ಚಿತ್ರ, ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ವೀರಗಲ್ಲನ್ನೋ ತಾಳೆಗರಿಯನ್ನೋ ಕೇಳಿಕೊಂಡು ಬಂದವನಿಗೆ ಇದನ್ನು ಧೈರ್ಯವಾಗಿ ಹೇಳಿ. ಆದರೆ ಅರುವತ್ತು ವರ್ಷದ ಕೂರಿಗೆ, ಐವತ್ತು ವರ್ಷದ ಬುಟ್ಟಿ, ಗಣಿ ಕಾರ್ಮಿಕನ ದೀಪ ಇವುಗಳನ್ನು ಆ ಕಾನೂನು ಕಾಣುವುದಿಲ್ಲ. ಅವುಗಳನ್ನು ಕಾಣಬೇಕಾದವರು ನಾವೇ. ನಮ್ಮ ಬಳಗದ ಮುಂದೆ ಕೆಲವು ಸಲಹೆಗಳನ್ನಿಡುತ್ತೇನೆ.

ಒಂದು: ಪ್ರತಿ ಊರಿಗೊಂದು ವಸ್ತು ದಾಖಲೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕಷ್ಟೆ. ಅದೇ ಮಾದರಿಯಲ್ಲಿ ಮನೆಯ ವಸ್ತು, ಮಾಡಿದವರು, ಬಳಸಿದ ಮರ ಅಥವಾ ಬಣ್ಣ, ಬಳಕೆಯ ಸಂದರ್ಭ, ಅಳತೆ, ಒಂದು ಚಿತ್ರ, ಇಷ್ಟನ್ನು ಬರೆದಿಡಬೇಕು. ರಜೆಯಲ್ಲಿ ಬರುವ ಕಾಲೇಜು ವಿದ್ಯಾರ್ಥಿಗಳು ತಮ್ಮ ಅಜ್ಜಿಯಿಂದಲೇ ಇದನ್ನು ಆರಂಭಿಸಬಹುದು. ದಾಖಲೆ ಊರಿನಲ್ಲೇ ಇರಲಿ. ಮಾಲೀಕರ ಹೆಸರು, ವಿಳಾಸಗಳು ಹೊರಗಿನವರ ಕೈಗೆ ಹೋಗದಿರಲಿ. ಇಲ್ಲದಿದ್ದರೆ ವ್ಯಾನಿನವರಿಗೆ ನಾವೇ ಪಟ್ಟಿ ಬರೆದುಕೊಟ್ಟಂತಾದೀತು!

ಎರಡು: ಮಾರಲೇಬೇಕಾದ ಮನೆಗೆ ಒಂದು ತಿಂಗಳ ಆಸರೆ. ಕಷ್ಟಕ್ಕೆ ಸಿಕ್ಕಿದವರು ವಸ್ತುವನ್ನು ಅವಸರದಲ್ಲಿ ಕೊಡದಂತೆ ಸ್ವಸಹಾಯ ಸಂಘಗಳು ಅಥವಾ ಸಹಕಾರ ಸಂಘವು ಸಣ್ಣ ಕೈಸಾಲ ಕೊಡುವ, ಬೆಲೆ ವಿಚಾರಿಸಿ ತಿಳಿಸುವ, ಸಾಧ್ಯವಾದರೆ ಶಾಲೆಗೋ ಸಾರ್ವಜನಿಕ ಸಂಗ್ರಹಕ್ಕೋ ಕೊಡಿಸುವ ವ್ಯವಸ್ಥೆ ಮಾಡಬೇಕು. ಇದಿಲ್ಲದೆ ‘ಮಾರಬೇಡಿ’ ಎನ್ನುವುದಕ್ಕೆ ನಮಗೆ ನೈತಿಕ ಹಕ್ಕಿಲ್ಲ.

ಮೂರು: ಹಳೆಯದನ್ನು ಕೊಟ್ಟರೂ ಅದರ ಅಳತೆಯನ್ನು ಕೊಡಬೇಡಿ, ಅಂದರೆ ಕಳೆದುಕೊಳ್ಳಬೇಡಿ. ವಸ್ತು ಹೋಗುವ ಮೊದಲು ಊರಿನ ಆಚಾರಿಯಿಂದ, ಬುಟ್ಟಿ ಹೆಣೆಯುವವರಿಂದ ಅಂಥದೇ ಇನ್ನೊಂದನ್ನು ಕೂಲಿ ಕೊಟ್ಟು ಮಾಡಿಸಿ. ಮೆಕ್ಕೆಕಟ್ಟು ಮಾಡಿದ್ದು ಅದನ್ನೇ.

ನಾಲ್ಕು: ಬಣ್ಣ, ನಾರು, ಮರ ಕೊಡುವ ಗಿಡಗಳನ್ನು ಬೆಟ್ಟದಲ್ಲಿ ನೆಡಲು ಅರಣ್ಯ ಇಲಾಖೆಯ ಮುಂದೆ ಬೇಡಿಕೆಯಿಡಬೇಕು. ಅಕೇಶಿಯಾಕ್ಕೆ ಸಿಗುವ ಜಾಗದಲ್ಲಿ ಸ್ವಲ್ಪವಾದರೂ ಕಲಾವಿದೆಯರ ಗಿಡಗಳಿಗೆ ಸಿಗಲಿ.

ಐದು: ಕೊಳ್ಳುವವರಿಗೆ ಒಂದು ವಿನಂತಿ. ಊರು ಹೇಳಲಾಗದ ವಸ್ತುವನ್ನು ಕೊಳ್ಳಬೇಡಿ. ಈ ಒಂದು ನಿಯಮವನ್ನು ಪಾಲಿಸಿದರೂ ಈ ವ್ಯಾಪಾರದ ಬಹುಪಾಲು ನೇರವಾದೀತು.

ನಾನು ಈ ನಿಯಮವನ್ನು ಪಾಲಿಸಲಿಲ್ಲ. ಎರಡನೆಯ ಸಲ ಬಂಗಾರಪೇಟೆಗೆ ಹೋದಾಗ ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ ಬೂದಿಕೋಟೆ, ಕಾಮಸಮುದ್ರಗಳ ಕಡೆಯ ಕೆಲವು ಹಳ್ಳಿಗಳಲ್ಲಿ ತೋರಿಸಿದೆ. ಒಬ್ಬ ಮುದುಕರು ಅದರ ತೂತುಗಳಲ್ಲಿ ಬೆರಳಾಡಿಸಿ, "ನಮ್ಮೂರ್ದಲ್ಲ ಸ್ವಾಮಿ, ಇದರ ಕಣ್ಣು ಓರೆ ಬೇರೆ" ಎಂದರು. ಮುಟ್ಟಿದೊಡನೆ ಊರಿಂದೂರಿಗೆ ವ್ಯತ್ಯಾಸ ಹೇಳಬಲ್ಲ ಬೆರಳುಗಳು ಇನ್ನೂ ಇವೆ ಎಂಬುದು ಆ ದಿನ ನನಗೆ ಸಿಕ್ಕ ಲಾಭ. ಅವರ ಹೇಳಿಕೆಯನ್ನೂ ಬಟ್ಟಲಿನ ಅಳತೆಯನ್ನೂ ಬರೆದುಕೊಂಡೆ. ಯಾರದೆಂದು ತಿಳಿಯಲಿಲ್ಲ.

ಈಗ ಅದು ಪಡಸಾಲೆಯಲ್ಲಿಲ್ಲ. ನಮ್ಮೂರ ಶಾಲೆಯಲ್ಲಿದೆ. ಮಕ್ಕಳು ರಾಗಿ ಹಾಕಿ, ಅದು ಹನ್ನೆರಡು ಕಡೆಯಿಂದ ಇಳಿಯುವುದನ್ನು ನೋಡುತ್ತಾರೆ. ಪಕ್ಕದಲ್ಲಿ ನಾನೇ ಬರೆದ ಚೀಟಿಯಿದೆ: ‘ಕೂರಿಗೆ ಬಟ್ಟಲು. ಬಂಗಾರಪೇಟೆಯಲ್ಲಿ ಕೊಂಡದ್ದು. ಊರು ತಿಳಿಯದು. ಮಾಡಿದವರು ತಿಳಿಯದು. ಬಿತ್ತಿದವರು ತಿಳಿಯದು.’

ಮಲೆನಾಡಿನ ಯಾವ ಮನೆಯ ವಸ್ತುವಿನ ಮೇಲೂ ಇಂಥ ಚೀಟಿ ಬೀಳದಿರಲಿ. ಬರುವ ಭೂಮಿ ಹುಣ್ಣಿಮೆಗೆ ಮೊದಲು ಪ್ರತಿ ಊರಿನಿಂದ ಇಬ್ಬರು ವಿದ್ಯಾರ್ಥಿಗಳು ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ ಹಿಡಿದು ಹೊರಟರೆ ಸಾಕು. ವ್ಯಾನು ಬರುವುದು ಮಳೆ ನಿಂತ ಮೇಲೆ. ನಮಗಿನ್ನೂ ಸಮಯವಿದೆ.